ಆರು ತಿಂಗಳ ಗಂಟು

ಅಂಗಡಿಯವನು ತನ್ನ ಕಡೆಗೇ ಬರುತ್ತಿರುವುದನ್ನು ಕಂಡು ಶಶಿರೇಖಾ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. ಇವತ್ತಲ್ಲ ನಾಳೆ ಹೀಗಾಗುತ್ತದೆಂದು ಅವಳಿಗೆ ಗೊತ್ತಿತ್ತು. ಮೊಳಕಾಲ್ಮೂರು ಬಸ್ ಸ್ಟ್ಯಾಂಡಿನ ಪಕ್ಕದ ಈ ಮಂಡಕ್ಕಿ-ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ದಿನಾ ಸಂಜೆ ಬಂದು ಕೂರುತ್ತಾಳೆ. ಒಂದು ಟೀ ಕೂಡ ಕುಡಿಯುವುದಿಲ್ಲ. ಬಾಟಲಿಯ ನೀರು ಎರಡು ಗುಟುಕು ಕುಡಿದು, ಚಳ್ಳಕೆರೆಯ ಸರ್ಕಾರಿ ಬಸ್ ಬಂದ ಕೂಡಲೇ ಎದ್ದು ಹೋಗುತ್ತಾಳೆ. ಎಷ್ಟು ದಿನ ಅಂತ ಒಬ್ಬ ಅಂಗಡಿಯವನು ಸುಮ್ಮನಿದ್ದಾನು?

"ಏಳ್ತೀನಿ ಅಣ್ಣ," ಎಂದಳು, ಅವನು ಬಾಯಿ ತೆರೆಯುವ ಮೊದಲೇ. "ಗಿರಾಕಿಗಳಿಗೆ ಜಾಗ ಬೇಕಾಗ್ತೈತೆ."

"ಏಳ್ಬೇಡ್ರಿ ಮೇಡಂ, ಈ ಕಡೆ ಸರ್ಕೊಳ್ರಿ ಅಷ್ಟೇ. ಆ ತುದಿ ಕಾಲು ಅಲ್ಲಾಡ್ತೈತೆ." ಅವನು ಬೆನ್ನ ಹಿಂದಿನಿಂದ ಸುತ್ತಿಗೆ ತೆಗೆದು ತೋರಿಸಿದ. "ನೀವು ಬಿದ್ರೆ ಊರೆಲ್ಲಾ ದುರುಗೇಶನ ಮಿರ್ಚಿ ತಿಂದು ತಲೆ ತಿರುಗಿ ಬಿದ್ಲು ಅಂತಾರೆ. ನೀವು ನೋಡಿದ್ರೆ ಒಂದು ದಿನಾನೂ ತಿಂದಿಲ್ಲ."

ಅವನು ಮಂಡಿಯೂರಿ ಮೊಳೆ ಹೊಡೆದ. ಹೊಡೆಯುತ್ತಾ ಒಮ್ಮೆ ತಲೆಯೆತ್ತಿ ನೋಡಿದ. ಕಡಲೆಹಿಟ್ಟು ಮೆತ್ತಿದ ಹುಬ್ಬು, ಅದರ ಕೆಳಗೆ ನಗು ತಡೆದುಕೊಂಡ ಕಣ್ಣು. ಅವಳು ನಕ್ಕರೆ ತಾನೂ ನಗಬಹುದು ಎಂದು ಕಾದಂತಿತ್ತು. ಅವಳು ನಗಲಿಲ್ಲ. ಸಿಟ್ಟೇನೂ ಇರಲಿಲ್ಲ, ನಗು ಎಲ್ಲಿಂದ ಬರಬೇಕೋ ಆ ಜಾಗ ಮೂರು ವರ್ಷದಿಂದ ಖಾಲಿ ಬಿದ್ದಿತ್ತು.

"ಒಂದು ಮಾತು ಕೇಳ್ಲಾ? ಎರಡು ಪ್ರೈವೇಟ್ ಬಸ್ ಹೋದ್ವು. ಸೀಟೂ ಇತ್ತು. ಯಾಕೆ ಹತ್ತಲ್ಲ ನೀವು?"

"ಅದಕ್ಕೆ ಟಿಕೆಟ್ ಕೊಡ್ಬೇಕು. ಸರ್ಕಾರಿ ಬಸ್ಸಾದ್ರೆ ನಮಗೆ ಫ್ರೀ."

ಅಯ್ಯೋ ಪಾಪ ಅನ್ನುತ್ತಾನೆ ಎಂದುಕೊಂಡಳು. ಅವನು ಅನ್ನಲಿಲ್ಲ. ಲೆಕ್ಕ ಸರಿಯಾಗಿದೆ ಎನ್ನುವವನಂತೆ ತಲೆಯಾಡಿಸಿ, "ಹಂಗಾದ್ರೆ ಆರಾಮಾಗಿ ಕುಂತ್ಕೊಳ್ರಿ. ನಿಮ್ ಡ್ರೈವರ್ ಬಸ್ಸನ್ನ ಸ್ಟ್ಯಾಂಡ್ ಹಿಂದೆ ನಿಲ್ಸಿ, ಒಳಗೆ ಎರಡನೇ ಪ್ಲೇಟ್ ಮಿರ್ಚಿ ಹೇಳವ್ನೆ," ಎಂದು ಒಳಗೆ ಹೋದ.

*

ಶಶಿರೇಖಾ ಕೆಲಸ ಮಾಡುತ್ತಿದ್ದುದು ಚಂದ್ರಣ್ಣನ ರೇಷ್ಮೆ ಸೀರೆ ಅಂಗಡಿಯಲ್ಲಿ. ಬೆಳಿಗ್ಗೆ ಚಳ್ಳಕೆರೆಯಿಂದ ಬರುವುದು, ಮದುವೆ ಮನೆಯವರ ಮುಂದೆ ದಿನವಿಡೀ ಸೀರೆ ಬಿಚ್ಚಿ ಹಾಸುವುದು, ಮಡಚುವುದು, ಸಂಜೆ ವಾಪಸ್ಸು ಹೋಗುವುದು. ಸ್ಕೂಲು ಬಿಟ್ಟ ಮೇಲೆ ಮಗಳು ತೇಜಶ್ರೀ ಪಕ್ಕದ ಮನೆಯ ಕೊಟ್ರಮ್ಮನ ಹತ್ತಿರ ಇರುತ್ತಿದ್ದಳು.

ಸಂಬಳ ಬಂದ ದಿನವೇ ಅದರಲ್ಲಿ ಒಂದು ಪಾಲು ಬೇರೆ ಬ್ಯಾಂಕಿನ ಖಾತೆಗೆ ಹೋಗಬೇಕು. ಆ ಖಾತೆಗೆ ಅವಳು ಎಟಿಎಂ ಕಾರ್ಡನ್ನೇ ತೆಗೆದುಕೊಂಡಿರಲಿಲ್ಲ. ಉಳಿದಿದ್ದರಲ್ಲಿ ಬಾಡಿಗೆ, ಫೀಸು, ಗ್ಯಾಸು, ರೇಷನ್ನು, ಕೊಟ್ರಮ್ಮನ ಕೈಗಷ್ಟು. ಗೃಹಲಕ್ಷ್ಮಿ ದುಡ್ಡು ಬಂದರೆ ಅದು ಮಗಳ ಹೆಸರಿಗೆ. ಖರ್ಚಾಗಿ ಮಿಕ್ಕಿದ್ದನ್ನು ಉಳಿಸುತ್ತೇನೆ ಅಂದವರು ಯಾರೂ ಉಳಿಸಿಲ್ಲ ಎನ್ನುವುದನ್ನು ಅವಳು ತನ್ನ ಸಂಸಾರದಲ್ಲೇ ನೋಡಿದ್ದಳು.

ಗಂಡ ಗೋವರ್ಧನ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿದ್ದ. ಕೈಬಿಚ್ಚಿ ಖರ್ಚು ಮಾಡುವ, ಎಲ್ಲರನ್ನೂ ನಗಿಸುವ ಮನುಷ್ಯ. ಲಿವರ್ ಕೆಟ್ಟು ದಾವಣಗೆರೆಯ ಆಸ್ಪತ್ರೆ ಸೇರಿದಾಗ ಕೈಯಲ್ಲಿ ಏನೂ ಇರಲಿಲ್ಲ. ಅವಳು ಒಂದು ಮಧ್ಯಾಹ್ನ ಅವನ ನೆಂಟರೊಬ್ಬರ ಬಾಗಿಲಿಗೆ ಹೋಗಿ ನಿಂತಳು. ಆ ಮನೆಯ ಹೆಂಗಸು ಕಿಟಕಿಯಿಂದಲೇ, "ಅವ್ರು ಮನೇಲಿಲ್ಲಮ್ಮ," ಎಂದಳು. ಅವರ ಚಪ್ಪಲಿ ಹೊಸ್ತಿಲ ಪಕ್ಕದಲ್ಲೇ ಇತ್ತು. ಶಶಿರೇಖಾ ಆ ಚಪ್ಪಲಿಯನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತು ವಾಪಸ್ಸು ಬಂದಳು. ಗಂಡ ಹೋದಾಗ ಅವಳು ಅಳಲಿಲ್ಲ. ಊರವರು ಅದನ್ನು ಗಮನಿಸಿ ಮಾತಾಡಿಕೊಂಡರು. ಅದೂ ಅವಳಿಗೆ ತಟ್ಟಲಿಲ್ಲ.

ಇನ್ನೊಂದು ಬಾಗಿಲಿಗೆ ಹೋಗಿ ನಿಲ್ಲಬಾರದು. ಅಷ್ಟೇ ಅವಳ ಆಸೆ. ಆರು ತಿಂಗಳು ಸಂಬಳ ಬರದಿದ್ದರೂ ಅಮ್ಮ ಮಗಳು ಬದುಕುವಷ್ಟು ಗಂಟು ಬ್ಯಾಂಕಿನಲ್ಲಿ ಕೂತರೆ ಎದೆ ಹಗುರಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ ಎಂದು ನಂಬಿದ್ದಳು.

*

ಬೆಂಚಿನ ಕಾಲು ಗಟ್ಟಿಯಾದ ಮೇಲೆ ದುರುಗೇಶ ದಿನಕ್ಕೆರಡು ಮಾತಾಡತೊಡಗಿದ. ಇಬ್ಬರು ತಂಗಿಯರ ಮದುವೆ, ಆಮೇಲೆ ಅವ್ವನ ಕಾಯಿಲೆ, ಅಷ್ಟರಲ್ಲಿ ತಲೆಯಲ್ಲಿ ಬಿಳಿಕೂದಲು ಬಂದು ತನ್ನ ಮದುವೆಯ ಸುದ್ದಿ ಎತ್ತುವವರೇ ಇಲ್ಲವಾದರು ಎಂದು ಯಾರದೋ ಕಥೆ ಹೇಳುವಂತೆ ಹೇಳಿದ. ಅವಳು ಹೂಂಗುಟ್ಟುತ್ತಿದ್ದಳು. ಗಂಡ ಹೋಗಿದ್ದು, ಒಂಬತ್ತು ವರ್ಷದ ಮಗಳಿರುವುದು, ಇಷ್ಟನ್ನು ಮಾತ್ರ ಒಮ್ಮೆ ಹೇಳಿದ್ದಳು. ಟೀ ಕೊಟ್ಟರೆ ಕುಡಿಯುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು, ಅವನು ಕೊಡಲೂ ಇಲ್ಲ. ಬೆಂಚಿನ ಮೇಲೆ ಬಿಸಿಲು ಬೀಳುವ ಕಡೆ ಒಂದು ಹಳೇ ಫ್ಲೆಕ್ಸ್ ಬ್ಯಾನರ್ ಕಟ್ಟಿದ. ಅವಳು ಅದರ ನೆರಳಿಗೆ ಸರಿದು ಕೂತಳು.

ಒಂದು ದಿನ ಅವನೇ ಟೀ ಹಿಡಿದುಕೊಂಡು ಚಂದ್ರಣ್ಣನ ಅಂಗಡಿಗೆ ಬಂದ. ಆಗ ಶಶಿರೇಖಾ ಹೊಸದುರ್ಗದ ಮದುವೆ ಮನೆಯವರಿಗೆ ತೋರಿಸಲೆಂದು ಗಿಳಿಹಸಿರು ಸೀರೆಯ ಸೆರಗನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು. ಅವನು ಬಾಗಿಲಲ್ಲೇ ನಿಂತುಬಿಟ್ಟ.

"ಲೇ ದುರುಗೇಶ, ಟೀ ಆರಿಸಿ ಕೊಡ್ತೀಯೇನೋ," ಎಂದ ಚಂದ್ರಣ್ಣ.

ಮದುಮಗಳು ಸೀರೆಯನ್ನು ಬಿಟ್ಟು ಬಾಗಿಲ ಕಡೆ ನೋಡಿ, ಆಮೇಲೆ ಶಶಿರೇಖಾಳ ಕಡೆ ನೋಡಿ ತುಟಿ ಕಚ್ಚಿ ನಕ್ಕಳು. "ಇದೇ ಇರ್ಲಿ ಅವ್ವ," ಎಂದಳು ತನ್ನ ತಾಯಿಗೆ. ಸೀರೆ ಮಾರಾಟವಾಯಿತು.

ಸಂಜೆ ಬೆಂಚಿನ ಹತ್ತಿರ ಬಂದು ಅವನು ತಲೆ ತಗ್ಗಿಸಿಕೊಂಡೇ ಹೇಳಿದ: "ಆ ಬಣ್ಣ ನಿಮಗೆ ಒಪ್ಪಿತ್ರೀ."

"ಯಾರಿಗೆ ಹಾಕಿದ್ರೂ ಒಪ್ಪೋ ಬಣ್ಣ ಅದು. ದಿನಾ ಅದನ್ನೇ ಹೇಳ್ತೀನಿ ನಾನು ಗಿರಾಕಿಗಳಿಗೆ."

"ನಾನು ಗಿರಾಕಿ ಅಲ್ಲ."

"ಅಲ್ಲ, ಅಣ್ಣ."

"ಊರೆಲ್ಲಾ ಅಣ್ಣ ಅಂತೈತೆ," ಎಂದ ಮೆಲ್ಲಗೆ. "ನೀವೊಬ್ರು ಬಿಟ್ರೆ ನಷ್ಟ ಏನಿಲ್ಲ."

ಬಸ್ ಬಂತು. ಕಿಟಕಿಯ ಪಕ್ಕ ಕೂತು, ಹೆಣ್ಣಾದವಳಿಗೆ ಇಂಥ ಮಾತು ಕೇಳಿದಾಗ ಏನಾದರೂ ಆಗಬೇಕಲ್ಲ ಎಂದು ಯೋಚಿಸಿದಳು. ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಅಲ್ಲಿ ಬಸ್ಸಿನ ಅದುರಾಟ ಬಿಟ್ಟು ಬೇರೇನೂ ಇರಲಿಲ್ಲ. ಆದರೆ ಮಾರನೆಯ ದಿನದಿಂದ ಅವನನ್ನು ಅಣ್ಣ ಎಂದು ಕರೆಯುವುದನ್ನು ಬಿಟ್ಟಳು.

*

ಸಂಕ್ರಾಂತಿ ಕಳೆದ ಮೇಲಿನ ತಿಂಗಳು ಸಂಬಳವಾದ ದಿನ ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬಂತು. ಗಂಟು ತುಂಬಿತ್ತು. ಅಂದುಕೊಂಡದ್ದಕ್ಕಿಂತ ನಾಲ್ಕು ತಿಂಗಳು ಮುಂಚೆಯೇ.

ಅವಳು ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಎದೆ ಹಗುರಾಗಲಿಲ್ಲ. ಭಾರವೂ ಆಗಲಿಲ್ಲ. ಸರ್ಕಾರಿ ಬಸ್ ಬಂತು, ಬಾಗಿಲು ತೆರೆಯಿತು, ಹೋಯಿತು. ಅವಳು ಏಳಲಿಲ್ಲ.

ದುರುಗೇಶ ಬಾಣಲೆಯ ಉರಿ ಸಣ್ಣ ಮಾಡಿ ಹೊರಗೆ ಬಂದ. "ನಿಮ್ ಬಸ್ ಹೋತು."

"ಗೊತ್ತು."

"ಏನಾತ್ರಿ?"

"ಆರು ತಿಂಗಳಿಗಾಗೋವಷ್ಟು ದುಡ್ಡು ಕೂಡಿಸಿದೀನಿ. ಇವತ್ತು ಪೂರ್ತಿ ಆತು." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ಮೂರು ವರ್ಷದಿಂದ ಈ ದಿನಕ್ಕೆ ಕಾದಿದ್ದೆ. ಏನೂ ಅನ್ನಿಸ್ತಿಲ್ಲ."

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಮೊದಲ ಸಲ ಕೂತದ್ದು. ನಡುವೆ ಅವಳ ಬ್ಯಾಗಿತ್ತು.

"ಹಲ್ಲು ಕೀಳೋಕೆ ಮುಂಚೆ ಇಂಜೆಕ್ಷನ್ ಕೊಡ್ತಾರಲ್ಲ," ಎಂದಳು. "ಕೆನ್ನೆ ಇರ್ತೈತೆ, ಮುಟ್ಟಿದ್ರೆ ಗೊತ್ತಾಗಲ್ಲ. ಹಂಗೆ ಇದೀನಿ ನಾನು. ನೀವು ಫ್ಲೆಕ್ಸ್ ಕಟ್ಟಿದ್ರಿ, ಸೀರೆ ಬಣ್ಣ ಹೇಳಿದ್ರಿ. ನಂಗೆ ಕಾಣಲ್ಲ ಅಂದ್ಕೋಬೇಡ್ರಿ. ಕಾಣ್ತೈತೆ. ಒಳಗೆ ಹೋಗಲ್ಲ."

ಅವನು ಕೈಗೆ ಮೆತ್ತಿದ್ದ ಹಿಟ್ಟನ್ನು ಉದುರಿಸಿದ. "ನನಗೂ ಹಲ್ಲು ಕಿತ್ತವ್ರೆ. ಇಂಜೆಕ್ಷನ್ ಇಳಿಯೋವಾಗ ಮೊದ್ಲು ಬರೋದು ನೋವು. ಖುಷಿ ಅಲ್ಲ. ಅದಕ್ಕೇ ನಿಮಗೆ ಬೇಗ ಇಳೀಲಿ ಅಂತ ಹರಸಕ್ಕೂ ಭಯ ಆಗ್ತೈತೆ." ಆಮೇಲೆ ಕೇಳಿದ: "ಮಗಳಿಗೆ ಹೇಳಿದ್ರಾ, ದುಡ್ಡು ಕೂಡಿದ್ದು?"

"ಅವಳಿಗೇನು ಹೇಳೋದು. ನಿನ್ನೆ ಸ್ಕೂಲಿಂದ ಇಲ್ಲೇ ಅಶೋಕನ ಶಾಸನದ ಬ್ರಹ್ಮಗಿರಿಗೆ ಟ್ರಿಪ್ ಐತೆ ಅಂದ್ಲು. ದುಡ್ಡಿಲ್ಲ ಅಂದೆ. ಸರಿ ಅವ್ವ ಅಂತ ಹೋಗಿ ಹೋಂವರ್ಕ್ ಬರೆಯೋಕೆ ಕುಂತ್ಲು."

"ಅಳ್ಲಿಲ್ವಾ?"

"ಇಲ್ಲ. ಅವಳು ಅಳಲ್ಲ. ಜಾಣೆ."

"ಒಂಬತ್ತು ವರ್ಷದ ಹುಡುಗಿ," ಎಂದ ದುರುಗೇಶ. ಅಷ್ಟೇ. ಎದ್ದು ಹೋಗಿ ಮಿರ್ಚಿ ತಿರುವಿಹಾಕಿದ.

ಅವಳು ಆ ದಿನ ಪ್ರೈವೇಟ್ ಬಸ್ ಹತ್ತಿ ಟಿಕೆಟ್ ಕೊಂಡಳು. ಮನೆಗೆ ಹೋದಾಗ ಮಗಳು ತೇಜು ಕೊಟ್ರಮ್ಮನ ಕಟ್ಟೆಯ ಮೇಲೆ ಕೂತು ಮುರಿದ ಪೆನ್ಸಿಲಿಗೆ ಕಾಗದ ಸುತ್ತಿ ಉದ್ದ ಮಾಡುತ್ತಿದ್ದಳು. ಹೊಸದು ಕೇಳಿರಲಿಲ್ಲ. ಕೇಳುವುದನ್ನು ಬಿಟ್ಟು ಎಷ್ಟು ಕಾಲವಾಯಿತು ಎಂದು ಶಶಿರೇಖಾಳಿಗೆ ನೆನಪಾಗಲಿಲ್ಲ. ತನ್ನದೇ ಮುಖ ಚಿಕ್ಕದಾಗಿ ಅಲ್ಲಿ ಕೂತಂತೆ ಕಂಡಿತು.

"ಟ್ರಿಪ್ಪಿಗೆ ಹೋಗು," ಎಂದಳು. ತೇಜು ತಾಯಿಯ ಮುಖವನ್ನು ನೋಡಿ, "ಬೇಡ ಬಿಡವ್ವ, ದುಡ್ಡು ಉಳೀತೈತೆ," ಎಂದಳು. ಒಪ್ಪಿಸಲು ಎರಡು ದಿನ ಬೇಕಾಯಿತು.

*

ಟ್ರಿಪ್ಪಿನ ದಿನ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಟೀಚರ್ ಫೋನ್ ಮಾಡಿದರು. ಊಟವಾದ ಮೇಲೆ ಮಕ್ಕಳು ಬಂಡೆಗಳ ಮೇಲೆ ಆಡುತ್ತಿದ್ದರು, ತೇಜಶ್ರೀ ಜಾರಿ ಬಿದ್ದಳು, ಎಡಗೈ ಮುರಿದ ಹಾಗಿದೆ, ಮೊಳಕಾಲ್ಮೂರಿನ ಆಸ್ಪತ್ರೆಗೇ ಕರೆತರುತ್ತಿದ್ದೇವೆ.

ಶಶಿರೇಖಾ ಕೈಯಲ್ಲಿದ್ದ ಸೀರೆಯನ್ನು ನೀಟಾಗಿ ಮಡಚಿ ಇಟ್ಟಳು. ಚಂದ್ರಣ್ಣನಿಗೆ ವಿಷಯ ಹೇಳಿ ರಸ್ತೆಗಿಳಿದಳು. ದುರುಗೇಶ ಅವಳ ನಡಿಗೆಯನ್ನು ನೋಡಿದವನೇ ಒಲೆ ಆರಿಸಿ, ಗಿರಾಕಿಗಳನ್ನು ಹಾಗೇ ಬಿಟ್ಟು, ಬೈಕ್ ತಂದು ಅವಳ ಪಕ್ಕ ನಿಲ್ಲಿಸಿದ. ಯಾಕೆ, ಎಲ್ಲಿಗೆ ಎಂದು ಕೇಳಲಿಲ್ಲ. "ಆಸ್ಪತ್ರೆ," ಎಂದಳು. ಹತ್ತಿ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೈಗೆ ಪಟ್ಟಿ ಕಟ್ಟಿ, ಮೊಣಕೈ ಹತ್ತಿರ ಮೂಳೆ ಸರಿದಿದೆ, ಆಪರೇಷನ್ ಮಾಡಿ ಕಂಬಿ ಹಾಕಬೇಕು, ಚಳ್ಳಕೆರೆಯಲ್ಲಿ ಮೂಳೆ ಡಾಕ್ಟರಿದ್ದಾರೆ, ಇವತ್ತೇ ಹೋಗಿ ಎಂದರು. ತೇಜು ಬಿಳಿಚಿಕೊಂಡಿದ್ದಳು, ಅಳುತ್ತಿರಲಿಲ್ಲ. ದುರುಗೇಶ ಕಾರು ಗೊತ್ತುಮಾಡಿ ಡ್ರೈವರ್ ಪಕ್ಕ ತಾನೂ ಕೂತ. ದಾರಿಯುದ್ದಕ್ಕೂ ಮಗು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಬಿಟ್ಟುಕೊಂಡೇ ಇತ್ತು.

"ಅವ್ವ, ತುಂಬ ದುಡ್ಡಾಗ್ತೈತಾ?" ಎಂದಿತು ಒಮ್ಮೆ.

ಶಶಿರೇಖಾ ಮಗಳ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದಳು. ಮುಂದಿನ ಸೀಟಿನಲ್ಲಿ ದುರುಗೇಶ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ.

ಚಳ್ಳಕೆರೆಯ ನರ್ಸಿಂಗ್ ಹೋಂನ ಕೌಂಟರಿನಲ್ಲಿ ಮೊದಲು ಇಷ್ಟು ಕಟ್ಟಬೇಕು ಎಂದರು. ದುರುಗೇಶನ ಕೈ ಜೇಬಿಗೆ ಹೋಯಿತು.

"ಬೇಡ," ಎಂದಳು. "ನನ್ನ ಹತ್ರ ಐತೆ."

"ಗೊತ್ರಿ. ಕರ್ಚೀಫ್ ತೆಗೀತಿದ್ದೆ. ನಿಮ್ ಹಣೆ ಬೆವರ್ತೈತೆ."

ಅವಳು ಮೊಬೈಲಿನಲ್ಲಿ ಬ್ಯಾಂಕಿನ ಆ್ಯಪ್ ತೆರೆದು ಗಂಟಿನ ಖಾತೆಯಿಂದಲೇ ದುಡ್ಡು ಕಳಿಸಿದಳು. ಟಿಕ್ ಎಂದು ಸದ್ದಾಯಿತು. ಕೌಂಟರಿನ ಹುಡುಗಿ ತಲೆಯೆತ್ತಿ ಕೂಡ ನೋಡದೆ ರಸೀದಿ ಕೊಟ್ಟಳು. ಯಾರ ಕಿಟಕಿಯ ಕೆಳಗೂ ನಿಲ್ಲಬೇಕಾಗಲಿಲ್ಲ, ಯಾರ ಚಪ್ಪಲಿಯನ್ನೂ ನೋಡಬೇಕಾಗಲಿಲ್ಲ. ಮೂರು ವರ್ಷ ಕೂಡಿಟ್ಟದ್ದು ಮಾಡಬೇಕಾದ ಕೆಲಸವನ್ನು ಇಷ್ಟು ಸುಲಭವಾಗಿ ಮಾಡಿ ಮುಗಿಸಿತ್ತು. ಅವಳು ರಸೀದಿ ಹಿಡಿದುಕೊಂಡು ಅಲ್ಲೇ ನಿಂತಳು.

ಒಳಗಿನ ಕೋಣೆಯಲ್ಲಿ ನರ್ಸು ತೇಜುವಿನ ಕೈ ಎತ್ತಿದ್ದೇ ತಡ, ಆ ಮಗು ಚೀರಿತು. "ಅವ್ವಾ, ನೋಯ್ತೈತೆ. ಅವ್ವಾ, ಬಾ, ನೋಯ್ತೈತೆ." ವರ್ಷಗಳಿಂದ ಸರಿ ಅವ್ವ, ಬೇಡ ಅವ್ವ ಎನ್ನುತ್ತಿದ್ದ ದನಿಯೇ ಅಲ್ಲ ಅದು. ಬಾಯಿ ತುಂಬ ಅಳು, ಬೇಕು ಎನ್ನುವ ಅಳು.

ಶಶಿರೇಖಾ ಓಡಿದಳು. ಆಪರೇಷನ್ ಕೋಣೆಯ ಬಾಗಿಲು ಮುಚ್ಚುವವರೆಗೂ ಮಗಳ ಇನ್ನೊಂದು ಕೈಯನ್ನು ಬಿಡಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತಳು.

ಅವಳು ಅತ್ತಳು. ಮಗಳಿಗಾಗಿ ಶುರುವಾದ ಅಳು ಎಲ್ಲಿಯೋ ತಿರುಗಿ ಗೋವರ್ಧನನ ಹತ್ತಿರ ಹೋಯಿತು. "ನಕ್ಕೋತಾ ಹೋದ್ನಲ್ಲಪ್ಪ," ಎಂದಳು. "ಹಾಸಿಗೆ ಮೇಲೂ ನಗಿಸ್ತಿದ್ದ. ನಾನು ಬೈದಿದ್ದೆ ಅವನಿಗೆ. ಒಂದು ಪೈಸೆ ಇಡ್ಲಿಲ್ಲವಲ್ಲ ಅಂತ, ಆ ಹಾಸಿಗೆ ಮೇಲಿದ್ದಾಗ ಬೈದಿದ್ದೆ."

ದುರುಗೇಶ ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದ. ಸಮಾಧಾನ ಹೇಳಲಿಲ್ಲ, ಮುಟ್ಟಲಿಲ್ಲ. ತಾನು ಇಷ್ಟಪಟ್ಟ ಹೆಂಗಸು ಸತ್ತ ಗಂಡನಿಗಾಗಿ ಅಳುವುದನ್ನು ಒಬ್ಬ ಗಂಡಸು ಹೇಗೆ ಕೇಳಬೇಕೋ ಹಾಗೆ, ತಲೆ ತಗ್ಗಿಸಿ, ಪೂರ್ತಿಯಾಗಿ ಕೇಳಿದ. ಅಳು ನಿಂತ ಮೇಲೆ ಕರ್ಚೀಫು ಕೊಟ್ಟ. ಅದಕ್ಕೆ ಕರಿದ ಎಣ್ಣೆಯ ವಾಸನೆಯಿತ್ತು. ಅವಳು ಮುಖ ಒರೆಸಿಕೊಂಡಳು.

*

ಗೋವರ್ಧನನ ತಾಯಿ ಸೂರಮ್ಮ ಮೊಮ್ಮಗಳನ್ನು ನೋಡಲು ದೇವಸಮುದ್ರದಿಂದ ಬಂದು ವಾರವಿಡೀ ಉಳಿದಳು. ಕುರಿಗಳನ್ನು ದೊಡ್ಡ ಮಗನಿಗೆ ಒಪ್ಪಿಸಿ ಬಂದಿದ್ದಳು. ಗಟ್ಟಿ ಮುದುಕಿ, ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವಳು.

ದಿನ ಬಿಟ್ಟು ದಿನ ದುರುಗೇಶ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಬೈಕಿನಲ್ಲಿ ಬರುತ್ತಿದ್ದ. ಕ್ಯಾರಿಯರಿನಲ್ಲಿ ಉಪ್ಪಿಟ್ಟೋ ಒಗ್ಗರಣೆ ಮಂಡಕ್ಕಿಯೋ ಇರುತ್ತಿತ್ತು. ತೇಜು ಅವನ ಹತ್ತಿರ ಪ್ಲಾಸ್ಟರಿನ ಮೇಲೆ ಕುರಿಯ ಚಿತ್ರ ಬರೆಸಿಕೊಂಡಿದ್ದಳು. "ಇದು ನಾಯಿ ಥರ ಐತೆ. ಇನ್ನೊಂದು ಬರೀ," ಎಂದು ಜಗಳವಾಡುತ್ತಿದ್ದಳು. ಹೊಸ ಪೆನ್ಸಿಲ್ ಡಬ್ಬಿಯನ್ನೂ ಕೇಳಿದ್ದಳು, ತಾಯಿಯನ್ನು. ತಾಯಿ ಕೊಡಿಸಿದ್ದಳು.

ಮೂರನೇ ಸಲ ಅವನು ಬಂದಾಗ ಸೂರಮ್ಮ ಎಲೆಅಡಿಕೆ ಜಗಿಯುತ್ತಾ ನೆಟ್ಟಗೆ ಕೇಳಿದಳು: "ಏಮಯ್ಯಾ, ಎಷ್ಟು ದಿನ ಹಿಂಗೆ ಕ್ಯಾರಿಯರ್ ಹೊತ್ಕೊಂಡು ತಿರುಗ್ತೀಯ?"

ದುರುಗೇಶ ಕೆಂಪಗಾದ. "ಅವ್ರು ಬೇಡ ಅನ್ನೋವರೆಗೂ ಅವ್ವ."

"ಮನಸ್ಸು ಐತಾ ನಿನಗೆ?"

"ಐತೆ."

ಮುದುಕಿ ಸೊಸೆಯ ಕಡೆ ತಿರುಗಿದಳು. "ನಿನಗೇನಮ್ಮಾ?"

"ಗೊತ್ತಿಲ್ಲ ಅತ್ತೆ," ಎಂದಳು ಶಶಿರೇಖಾ, ಬಾಗಿಲ ಚೌಕಟ್ಟು ಹಿಡಿದು.

"ಇಲ್ಲ ಅನ್ಲಿಲ್ಲ ನೀನು." ಸೂರಮ್ಮ ಎದ್ದು ಹೊರಗೆ ಹೋಗಿ ಉಗಿದು ಬಂದಳು. ಬರುವಾಗ ಅವಳ ಕಣ್ಣು ಒದ್ದೆಯಾಗಿತ್ತು. "ನನ್ನ ಮಗ ಹೋದ. ಅವನ ಜೊತೆ ನೀನೂ ಹೋದಂಗೆ ಇದ್ದೆ, ಮೂರು ವರ್ಷ ನೋಡ್ದೆ ನಾನು. ನಮ್ಮಲ್ಲಿ ಗಂಡ ಸತ್ತವಳಿಗೆ ಕೂಡಿಕೆ ಮದುವೆ ಹೊಸದೇನಲ್ಲ. ನನ್ನ ದೊಡ್ಡತ್ತೇನೂ ಹಂಗೇ ಬಂದವಳು. ನೀನು ಯಾರ ಮನೆಗೆ ಹೋದ್ರೂ ನನ್ನ ಮನೆ ಬಾಗ್ಲು ತೆಗೆದೇ ಇರ್ತೈತೆ ನನ್ನವ್ವ, ನಾ ತಲ್ಲಿ. ಹೋಗು, ಅವನನ್ನ ಬೀದಿ ತನಕ ಕಳಿಸಿ ಬಾ."

ಬೀದಿಯ ಕೊನೆಯಲ್ಲಿ ಬೇವಿನ ಮರದ ಕೆಳಗೆ ಬೈಕ್ ನಿಂತಿತ್ತು. ದೂರದ ಮಿಲ್ಲಿನಿಂದ ಶೇಂಗಾ ಹುರಿದ ವಾಸನೆ ಬರುತ್ತಿತ್ತು. ಇಬ್ಬರೂ ಅಲ್ಲಿಯವರೆಗೆ ನಡೆದರು.

"ನಾನು ಮೊದ್ಲಿನಂಗೆ ಆಗ್ತೀನಿ ಅಂತ ಹೇಳೋಕಾಗಲ್ಲ," ಎಂದಳು. "ಕೆಲವು ದಿನ ಏನೂ ಅನ್ಸಲ್ಲ ಇವತ್ತಿಗೂ. ನೀವು ನಗಿಸಿದಾಗ ನಗದೇ ಇರಬಹುದು."

"ಅದು ಬೆಂಚಿನ ಹತ್ರಾನೇ ಗೊತ್ತಾತು ನಂಗೆ."

"ಮತ್ತೆ ನನ್ನ ದುಡ್ಡು. ಆಪರೇಷನ್ನಿಗೆ ಹೋಗಿ ಕಾಲುಭಾಗ ಖಾಲಿ ಆಗೈತೆ. ಮತ್ತೆ ತುಂಬ್ತೀನಿ. ಮದುವೆ ಆದ್ರೂ ಅದು ನನ್ನ ಹೆಸರಲ್ಲೇ ಇರ್ತೈತೆ. ಅಂಗಡಿಗೆ ಕಷ್ಟ ಬಂತು ಅಂತ ನೀವು ಕೇಳಿದ್ರೂ ಕೊಡಲ್ಲ. ಕೆಲಸಾನೂ ಬಿಡಲ್ಲ."

"ಇರ್ಲಿ. ಅದು ನಿಮ್ ಧೈರ್ಯ. ಅದರಲ್ಲಿ ಪಾಲು ಕೇಳೋಕೆ ಬಂದಿಲ್ಲ ನಾನು." ಅವನು ಬೈಕಿನ ಹ್ಯಾಂಡಲ್ ಮೇಲೆ ಕೈಯಿಟ್ಟು ಸ್ವಲ್ಪ ಯೋಚಿಸಿದ. "ನಂದೂ ಒಂದು ಗಂಟು ಶುರು ಮಾಡೋದು ಹೇಳಿಕೊಡ್ರಿ. ಬಂದಿದ್ದೆಲ್ಲಾ ಬಾಣಲೆಗೇ ಹೋಗ್ತೈತೆ ನನ್ನದು."

"ಮೊದ್ಲು ತೆಗೆದಿಡಬೇಕು. ಆಮೇಲೆ ಎಣ್ಣೆ ತರಬೇಕು."

"ಎಷ್ಟು?"

"ಎಷ್ಟಾದ್ರೂ ಸರಿ. ತಪ್ಪಿಸಬಾರದು."

"ತಪ್ಪಿಸಲ್ಲ," ಎಂದ ಅವನು. ಅವಳನ್ನೇ ನೋಡುತ್ತಾ ಹೇಳಿದ. ದುಡ್ಡಿನ ಮಾತು ಎಲ್ಲಿ ಮುಗಿಯಿತು, ಇನ್ನೊಂದು ಮಾತು ಎಲ್ಲಿ ಶುರುವಾಯಿತು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಹ್ಯಾಂಡಲ್ ಹಿಡಿದಿದ್ದ ಅವನ ಕೈಯ ಮೇಲೆ ಎಣ್ಣೆ ಸಿಡಿದ ಹೊಸ ಗುಳ್ಳೆಯೊಂದಿತ್ತು. ಅವಳು ಅದರ ಪಕ್ಕದಲ್ಲಿ, ನೋಯದ ಹಾಗೆ, ಒಂದು ಬೆರಳಿಟ್ಟಳು. ಚರ್ಮ ಒರಟಾಗಿತ್ತು, ಬೆಚ್ಚಗಿತ್ತು. ಬೆಚ್ಚಗಿದೆ ಎಂದು ಅವಳಿಗೆ ತಿಳಿಯಿತು. ಬೆರಳನ್ನು ತೆಗೆಯಲಿಲ್ಲ.

"ಉರೀತೈತಾ?" ಎಂದು ಕೇಳಿದಳು.

"ಸ್ವಲ್ಪ," ಎಂದ.

"ಮುಲಾಮು ಐತೆ ಒಳಗೆ. ಬಾ," ಎಂದಳು. ಅದುವರೆಗೆ ಅವನಿಗೆ ಬಹುವಚನ ಬಿಟ್ಟು ಮಾತಾಡದವಳು ಮನೆಯ ಕಡೆ ತಿರುಗಿ ನಡೆದಳು. ದುರುಗೇಶ ಬೈಕಿಗೆ ಹಾಕಿದ್ದ ಕೀಲಿಯನ್ನು ತೆಗೆದು ಜೇಬಿಗಿಟ್ಟುಕೊಂಡು ಅವಳ ಹಿಂದೆ ಹೋದ. ಅವತ್ತು ಅಂಗಡಿ ತಡವಾಗಿ ತೆರೆಯಿತು.